ಕ್ಷೌರದ ಕತ್ತಿ ಕಲಿಯುವವರಿಗೆ

ಹಿಡಿಯೊಳಗೆ ಮಡಚಿಕೊಳ್ಳುವ, ಬ್ಲೇಡು ಬದಲಿಸುವ ಏರ್ಪಾಡಿಲ್ಲದ ಹಳೆಯ ಕ್ಷೌರದ ಕತ್ತಿ ಈಗ ಸ್ಟ್ರೇಟ್ ರೇಜರ್ ಎಂಬ ಹೆಸರಿನಲ್ಲಿ ಮತ್ತೆ ಮನೆಗಳ ಬಚ್ಚಲಿಗೆ ಬರುತ್ತಿದೆ. ಅದನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ತಮ್ಮ ಗಮನವನ್ನೆಲ್ಲ ಕತ್ತಿ ಹಿಡಿದ ಕೈಯ ಮೇಲೆ ಇಡುತ್ತಾರೆ. ಕೋನವೆಷ್ಟು, ಬೆರಳು ಎಲ್ಲಿರಬೇಕು, ಮಣಿಕಟ್ಟು ಹೇಗೆ ತಿರುಗಬೇಕು ಎಂಬುದರಲ್ಲೇ ಮುಳುಗಿರುತ್ತಾರೆ. ಏಳು ವರ್ಷಗಳಿಂದ ಇದೇ ಕತ್ತಿಯಲ್ಲಿ ಗಡ್ಡ ತೆಗೆದುಕೊಳ್ಳುತ್ತಿರುವ ನನ್ನ ಅನುಭವದಲ್ಲಿ, ಗಾಯವಾಗುವುದೂ ಆಗದಿರುವುದೂ ಹೆಚ್ಚಾಗಿ ಇನ್ನೊಂದು ಕೈಯನ್ನು, ಎಂದರೆ ಚರ್ಮವನ್ನು ಎಳೆದು ಬಿಗಿಹಿಡಿಯುವ ಕೈಯನ್ನು, ಅವಲಂಬಿಸಿದೆ. ಮೊದಲ ಮೂರು ವಾರ ನಾನು ಉರಿಯುವ ಕೆನ್ನೆ ಹೊತ್ತುಕೊಂಡು ಕತ್ತಿಯನ್ನೇ ದೂರುತ್ತಿದ್ದೆ. ಸಾಣೆ ಹಿಡಿದುಕೊಟ್ಟವರ ಬಳಿಗೆ ಅದನ್ನು ಮರಳಿ ಒಯ್ದಾಗ ಅವರು ತಮ್ಮ ಮುಂಗೈಯ ರೋಮವನ್ನು ಸದ್ದಿಲ್ಲದೆ ಉದುರಿಸಿ ತೋರಿಸಿ, ‘ಕತ್ತಿಗೇನೂ ಆಗಿಲ್ಲ ಸ್ವಾಮಿ, ನಿಮ್ಮ ಎಡಗೈ ಏನು ಮಾಡ್ತಿರುತ್ತೆ?’ ಎಂದು ಕೇಳಿದರು. ಉತ್ತರವಿರಲಿಲ್ಲ, ಎಡಗೈ ಸಿಂಕಿನ ಅಂಚನ್ನು ಹಿಡಿದುಕೊಂಡಿರುತ್ತಿತ್ತು.

ಕೊಳ್ಳುವ ಮೊದಲು

ಇಂದು ಸಲೂನಿನಲ್ಲಿ ಕಾಣುವ ಕತ್ತಿ ಬೇರೆ. ಎರಡಂಚಿನ ಬ್ಲೇಡನ್ನು ಕಾಗದದ ಸಮೇತ ನಡುವೆ ಮುರಿದು, ಅರ್ಧವನ್ನು ಸಿಕ್ಕಿಸಿ, ಗಿರಾಕಿ ಎದ್ದ ಕೂಡಲೇ ಎಸೆಯುವ ಹಗುರ ಸಾಧನ ಅದು. ಪೇಟೆಯಲ್ಲಿ ಉಸ್ತರಾ ಎಂದೂ ಶವೆಟ್ ಎಂದೂ ಮಾರುತ್ತಾರೆ. ಒಂದೇ ಕತ್ತಿ ಹಲವರ ಮುಖದ ಮೇಲೆ ಓಡಿದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳು ರಕ್ತದ ಮೂಲಕ ದಾಟಬಹುದೆಂಬ ಅರಿವು ಹರಡಿದ ಮೇಲೆ ಅಂಗಡಿಗಳು ಇದರ ಕಡೆಗೆ ತಿರುಗಿದವು, ಅದು ಸರಿಯಾದ ಕ್ರಮವೇ. ಬೆಲೆ ಕಡಿಮೆ, ಮಸೆಯುವ ಗೋಜಿಲ್ಲ ಎಂದು ಅನೇಕರು ಮನೆಯ ಕಲಿಕೆಯನ್ನೂ ಇದರಿಂದಲೇ ಆರಂಭಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅರ್ಧ ಬ್ಲೇಡಿನ ಎರಡು ಮೂಲೆಗಳೂ ಚೂಪಾಗಿರುತ್ತವೆ, ಕತ್ತಿಗೆ ತೂಕವಿಲ್ಲದ್ದರಿಂದ ಕೈ ತನಗರಿವಿಲ್ಲದೆ ಒತ್ತುತ್ತದೆ, ಕೋನ ಚೂರು ತಪ್ಪಿದರೂ ಅದು ಕ್ಷಮಿಸುವುದಿಲ್ಲ. ಕ್ಷೌರಿಕರು ಒರಗಿ ಕುಳಿತ ಇನ್ನೊಬ್ಬರ ಮುಖವನ್ನು ನೇರವಾಗಿ ನೋಡುತ್ತ, ಎರಡೂ ಕೈ ಬೇಕಾದ ಕಡೆಗೆ ಚಾಚುತ್ತ ಕೆಲಸ ಮಾಡುತ್ತಾರೆ. ನಾವು ಕನ್ನಡಿಯಲ್ಲಿ ಎಡಬಲ ಅದಲುಬದಲಾದ ಮುಖವನ್ನು ನೋಡುತ್ತ ನಮ್ಮದೇ ಮೂಗಿನ ಸುತ್ತ ಕೈ ಬಳಸಬೇಕು. ಅವರ ಕೈಯಲ್ಲಿ ಸಲೀಸಾದದ್ದು ನಮ್ಮ ಕೈಯಲ್ಲೂ ಸಲೀಸಾಗಬೇಕೆಂದಿಲ್ಲ.

ನಿಜವಾದ ಕತ್ತಿಯ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ರೂಢಿ: 4/8, 5/8, 6/8, 7/8 ಹೀಗೆ. ಹೊಸಬರಿಗೆ 5/8 ಅಥವಾ 6/8, ಎಂದರೆ ಸುಮಾರು 16ರಿಂದ 19 ಮಿಲಿಮೀಟರ್ ಅಗಲದ್ದು, ಹೊಂದುತ್ತದೆ. ಇದಕ್ಕಿಂತ ಕಿರಿದಾದರೆ ನೊರೆ ಬೇಗ ತುಂಬಿಕೊಂಡು ಹಿಡಿಯ ಕಡೆಗೆ ಹರಿಯುತ್ತದೆ, ಅಗಲವಾದರೆ ಮೂಗಿನ ಕೆಳಗೆ ತಿರುಗಿಸಲು ಜಾಗವಿರುವುದಿಲ್ಲ. ಅಲಗಿನ ಎರಡೂ ಬದಿಗಳನ್ನು ಒಳಬಾಗಿಸಿ ತೆಳುವಾಗಿಸಿದ ಹಾಲೋ ಗ್ರೈಂಡ್ ಕತ್ತಿ ಕೂದಲಿನ ಮೇಲೆ ಹೋಗುವಾಗ ಸದ್ದು ಮಾಡುತ್ತದೆ. ಆ ಸದ್ದು ಕಲಿಯುವವರಿಗೆ ಗುರುವಿದ್ದಂತೆ, ಆದ್ದರಿಂದ ಬೆಣೆಯಾಕಾರದ ದಪ್ಪ ಕತ್ತಿಗಿಂತ ಇದನ್ನೇ ಆರಿಸಿಕೊಳ್ಳುವುದು ಮೇಲು. ಮೊನೆ ದುಂಡಗಿರಬೇಕು. ಚೌಕ ಮೊನೆ ಮೀಸೆಯ ಅಂಚನ್ನು ತಿದ್ದಲು ಚೆನ್ನ, ಆದರೆ ಕಿವಿಯ ಹಾಲೆಯನ್ನು ಹರಿಯಲೂ ಅಷ್ಟೇ ಚೆನ್ನ. ಲೋಹ ಹೈ ಕಾರ್ಬನ್ ಉಕ್ಕಾಗಿದ್ದರೆ ಮಸೆಯುವುದು ಸುಲಭ, ತುಕ್ಕಿನ ಕಾಟ ಮಾತ್ರ ಇದ್ದೇ ಇರುತ್ತದೆ.

ನನ್ನ ಮೊದಲ ಕತ್ತಿ ಆನ್‌ಲೈನಿನಲ್ಲಿ ಕೊಂಡದ್ದು. ಬೀಟೆ ಮರದಂತೆ ಹೊಳೆಯುವ ಹಿಡಿ, ಅಲಗಿನ ಮೇಲೆ ಬಳ್ಳಿಯ ಚಿತ್ತಾರ, ಪೆಟ್ಟಿಗೆಯ ಮೇಲೆ ‘ಬಳಕೆಗೆ ಸಿದ್ಧ’ ಎಂಬ ಭರವಸೆ, ಎಲ್ಲವೂ ಇದ್ದವು. ಗಡ್ಡ ತೆಗೆಯುವ ಗುಣವೊಂದು ಇರಲಿಲ್ಲ. ಮೆದುವಾದ ಉಕ್ಕು, ಸೊಟ್ಟ ಬೆನ್ನು. ಯಾವ ಕಲ್ಲಿಗೆ ಹಾಕಿದರೂ ಅದರ ಬಾಯಿ ನಿಲ್ಲಲಿಲ್ಲ. ಇಂಥವು ಪೇಟೆಯಲ್ಲಿ ಬಹಳ ಇವೆ. ಒಳ್ಳೆಯ ಕಾರ್ಖಾನೆಯಿಂದ ಬಂದ ಕತ್ತಿಯೂ ಬಹುತೇಕ ಸಂದರ್ಭಗಳಲ್ಲಿ ಮುಖಕ್ಕೆ ಇಡುವಷ್ಟು ಹರಿತವಾಗಿರುವುದಿಲ್ಲ; ಅದನ್ನು ತಿಳಿದವರೊಬ್ಬರು ಕೈಯಾರೆ ಕಲ್ಲಿನ ಮೇಲೆ ಮಸೆದು ಕೊಟ್ಟಿರಬೇಕು. ಆದ್ದರಿಂದ ಕತ್ತಿ ಯಾರದೆಂಬುದಕ್ಕಿಂತ ಕೊನೆಯ ಸಾಣೆ ಹಿಡಿದವರು ಯಾರೆಂಬುದನ್ನು ಕೇಳಿ ಕೊಳ್ಳಬೇಕು. ಮಸೆದ ಕತ್ತಿಯನ್ನು ಮುಂಗೈಯ ಚರ್ಮದಿಂದ ಅರ್ಧ ಸೆಂಟಿಮೀಟರ್ ಮೇಲೆ, ಚರ್ಮಕ್ಕೆ ತಾಗದಂತೆ, ರೋಮಗಳ ತುದಿಯಲ್ಲಿ ಸರಿಸಿದಾಗ ಕೆಲವಾದರೂ ರೋಮಗಳು ತಾವಾಗಿ ಕಡಿದು ಬೀಳಬೇಕು. ಉಗುರಿನ ಮೇಲೆ ಎಳೆದು ಪರೀಕ್ಷಿಸುವ ಅಭ್ಯಾಸ ಬೇಡ. ಪರೀಕ್ಷೆ ಮುಗಿಯುವಷ್ಟರಲ್ಲಿ ಪರೀಕ್ಷಿಸಬೇಕಾದ ಬಾಯಿಯೇ ಹೋಗಿರುತ್ತದೆ.

ಹಳೆಯ ಕತ್ತಿ ಸಿಕ್ಕರೆ ಬಿಡಬೇಕಿಲ್ಲ. ಇಂಗ್ಲೆಂಡಿನ ಷೆಫೀಲ್ಡ್ ಮತ್ತು ಜರ್ಮನಿಯ ಜೊಲಿಂಗನ್ ಈ ಕಸುಬಿನ ದೊಡ್ಡ ಊರುಗಳು; ಜೊಲಿಂಗನ್ ಎಂಬ ಹೆಸರನ್ನು ಆ ಊರಿನಲ್ಲಿ ತಯಾರಾದ ಕತ್ತಿ ಚಾಕುಗಳಿಗಷ್ಟೇ ಬಳಸಬೇಕೆಂದು ಜರ್ಮನಿ 1938ರಲ್ಲಿ ಕಾನೂನನ್ನೇ ಮಾಡಿತು. ಷೆಫೀಲ್ಡಿನ ಹತ್ತೊಂಬತ್ತನೆಯ ಶತಮಾನದ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂಬ ಅಚ್ಚು ಕಾಣುತ್ತದೆ. ಅದರ ಹಿಂದಿನ ಕಥೆಗೆ ನಮ್ಮ ಕಡೆಯ ನಂಟಿದೆ. ಕನ್ನಡದ ‘ಉಕ್ಕು’ ಪದವೇ ಇಂಗ್ಲಿಷಿನಲ್ಲಿ ‘ವೂಟ್ಜ್’ ಆಯಿತೆಂದು ಹಲವು ವಿದ್ವಾಂಸರು ಹೇಳುವ ದಕ್ಷಿಣ ಭಾರತದ ಉಕ್ಕಿನ ಗಟ್ಟಿಗಳು 1790ರ ದಶಕದಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕೈಸೇರಿದವು. 1820ರ ಸುಮಾರಿಗೆ ವಿಜ್ಞಾನಿ ಮೈಕೆಲ್ ಫ್ಯಾರಡೆ, ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಅವರೊಂದಿಗೆ ಸೇರಿ, ಆ ದಕ್ಷಿಣದ ಉಕ್ಕಿನ ಗುಣವನ್ನು ಪಡೆಯಲು ತಮ್ಮ ಉಕ್ಕಿಗೆ ಬೆಳ್ಳಿ ಮುಂತಾದ ಲೋಹಗಳನ್ನು ಬೆರೆಸಿ ನೋಡಿದರು. ಅಂಗಡಿಯವರಿಗೆ ಆ ಹೆಸರು ಹಿಡಿಸಿತು, ಅಚ್ಚಾಗಿ ಉಳಿಯಿತು. ಅಚ್ಚನ್ನು ನೋಡಿ ಹೆಚ್ಚು ಹಣ ಕೊಡಬೇಕಾದ ಅಗತ್ಯವೇನೂ ಇಲ್ಲ. ಬಾಯಿಯಲ್ಲಿ ಬಿರುಕಿದೆಯೇ, ತುಕ್ಕು ಬಾಯಿಯ ಅಂಚಿನವರೆಗೆ ತಿಂದಿದೆಯೇ ಎಂದಷ್ಟೇ ನೋಡಿ, ತಂದ ಮೇಲೆ ಸೋಪಿನ ನೀರಿನಿಂದ ತೊಳೆದು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅನಂತರ ಸಾಣೆಗೆ ಕಳಿಸಬೇಕು.

ಚರ್ಮದ ಪಟ್ಟಿ

ಕತ್ತಿಯ ಜೊತೆಗೆ ಕೊಳ್ಳಲೇಬೇಕಾದದ್ದು ಸ್ಟ್ರಾಪ್ ಎನ್ನುವ ಚರ್ಮದ ಪಟ್ಟಿ. ಸಾಮಾನ್ಯವಾಗಿ ಇದಕ್ಕೆ ಎರಡು ಪದರಗಳಿರುತ್ತವೆ, ಒಂದು ದಪ್ಪ ಬಟ್ಟೆಯದು, ಇನ್ನೊಂದು ನುಣುಪಾದ ಚರ್ಮದ್ದು. ಕಲ್ಲಿನ ಮೇಲೆ ಮಸೆಯುವುದು ಉಕ್ಕನ್ನು ಸವೆಸಿ ಹೊಸ ಬಾಯಿ ಕೊಡುವ ಕೆಲಸ. ಪಟ್ಟಿಯ ಮೇಲೆ ತೀಡುವುದು ಇದ್ದ ಬಾಯಿಯನ್ನು ನೆಟ್ಟಗೆ ಮಾಡಿ ನಯಗೊಳಿಸುವ ಕೆಲಸ. ಮೆದುವಾದ ಕೂದಲು ಗಟ್ಟಿಯಾದ ಉಕ್ಕನ್ನು ಹೇಗೆ ಕೆಡಿಸುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಉತ್ತರ ಕೊಟ್ಟರು: ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಕೂಡ, ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆಯಲ್ಲಿ ಬಾಯಿಯಿಂದ ಸೂಕ್ಷ್ಮ ಚಕ್ಕೆಯನ್ನು ಎಬ್ಬಿಸಬಲ್ಲದು. ಅವರು ನೋಡಿದ್ದು ಬಳಸಿ ಎಸೆಯುವ ರೇಜರಿನ ಬ್ಲೇಡನ್ನು. ಆದರೆ ಕೂದಲು ಬಾಗದಂತೆ ನಿಲ್ಲಬೇಕು, ಅದಕ್ಕೆ ಚರ್ಮ ಬಿಗಿಯಾಗಿರಬೇಕು, ನೊರೆ ಗಟ್ಟಿಯಾಗಿರಬೇಕು ಎಂಬ ಹಳೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಕೇಳಿಲ್ಲ.

ತೀಡುವ ಕ್ರಮ ಹೀಗಿದೆ. ಪಟ್ಟಿಯ ಒಂದು ತುದಿಯನ್ನು ಬಾಗಿಲ ಹಿಡಿಗೋ ಗೋಡೆಯ ಕೊಕ್ಕೆಗೋ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಗ್ಗ ಜಗ್ಗಿದಂತೆ ಬಿಗಿಯಾಗಿ ಎಳೆದು ಹಿಡಿಯಬೇಕು. ಪಟ್ಟಿ ಜೋತುಬಿದ್ದರೆ ಕತ್ತಿಯ ಬಾಯಿ ದುಂಡಗಾಗುತ್ತದೆ. ಅಲಗನ್ನು ಚಪ್ಪಟೆಯಾಗಿ, ಬೆನ್ನೂ ಬಾಯಿಯೂ ಎರಡೂ ಚರ್ಮಕ್ಕೆ ತಾಗುವಂತೆ ಇಟ್ಟು, ಬೆನ್ನು ಮುಂದಾಗಿ, ಬಾಯಿ ಹಿಂದಿನಿಂದ ಬರುವಂತೆ ಸರಿಸಬೇಕು. ತುದಿ ತಲುಪಿದಾಗ ಬೆನ್ನನ್ನು ಚರ್ಮದಿಂದ ಎತ್ತದೆ, ಅದರ ಮೇಲೆಯೇ ಕತ್ತಿಯನ್ನು ಮಗುಚಿ, ಮತ್ತೆ ಬೆನ್ನು ಮುಂದಾಗಿ ಹಿಂತಿರುಗಬೇಕು. ಮಗುಚುವಾಗ ಬಾಯಿ ಮೊದಲು ತಿರುಗಿದರೆ ಪಟ್ಟಿಗೆ ಕಚ್ಚು ಬೀಳುತ್ತದೆ. ಎಲ್ಲರೂ ಮೊದಲ ಪಟ್ಟಿಯನ್ನು ಕತ್ತರಿಸಿಯೇ ಕಲಿಯುತ್ತಾರೆ, ಆದ್ದರಿಂದ ಮೊದಲನೆಯದು ಅಗ್ಗದ್ದಾಗಿರಲಿ. ಬೆರಳುಗಳಲ್ಲಿ ಕತ್ತಿಯ ಕುತ್ತಿಗೆಯನ್ನು, ಎಂದರೆ ಅಲಗಿಗೂ ಹಿಡಿಯ ಕೀಲಿಗೂ ನಡುವಿನ ಭಾಗವನ್ನು, ಪೆನ್ಸಿಲ್ ಹೊರಳಿಸಿದಂತೆ ಹೊರಳಿಸಬೇಕು, ಮಣಿಕಟ್ಟನ್ನು ತಿರುಗಿಸಬಾರದು. ಪಟ್ಟಿ ಅಲಗಿಗಿಂತ ಕಿರಿದಾಗಿದ್ದರೆ, ಹಿಮ್ಮಡಿಯಿಂದ, ಎಂದರೆ ಹಿಡಿಯ ಕಡೆಯ ಮೂಲೆಯಿಂದ, ಮೊನೆಯವರೆಗೆ ಬಾಯಿಯೆಲ್ಲ ತಾಗುವಂತೆ ಚೂರು ಓರೆಯಾಗಿ ಎಳೆದರಾಯಿತು. ಪ್ರತಿ ಕ್ಷೌರಕ್ಕೆ ಮೊದಲು ಬಟ್ಟೆಯ ಮೇಲೆ 20 ಸುತ್ತು, ಚರ್ಮದ ಮೇಲೆ 50 ಸುತ್ತು; ಹೋಗಿ ಬಂದರೆ ಒಂದು ಸುತ್ತು. ವೇಗ ಬೇಡ. ಸಲೂನಿನಲ್ಲಿ ಪಟಪಟನೆ ಸದ್ದು ಮಾಡುತ್ತ ತೀಡುತ್ತಿದ್ದ ಹಿರಿಯರನ್ನು ನೋಡಿದವರಿಗೆ ಆ ಸದ್ದಿನ ಮೇಲೆ ಮೋಹವಿರುತ್ತದೆ, ಅಂಗೈಯ ಮೇಲೆಯೇ ಕತ್ತಿ ತೀಡಿದವರನ್ನು ಕಂಡ ನೆನಪೂ ಕೆಲವರಿಗಿರಬಹುದು. ಎರಡನ್ನೂ ನೆನಪಿನಲ್ಲೇ ಬಿಡುವುದು ಕ್ಷೇಮ.

ನೀರು, ನೊರೆ

ಸ್ನಾನದ ನಂತರ ಗಡ್ಡ ತೆಗೆಯುವುದು ಎಲ್ಲಕ್ಕಿಂತ ಉತ್ತಮ. ಕೂದಲು ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ನೀರು ಹೀರಿ ಮೆತ್ತಗಾಗುತ್ತದೆ. ಸ್ನಾನವಾಗಿರದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಅಷ್ಟೇ ಹೊತ್ತು ಮುಖಕ್ಕೆ ಒತ್ತಿಕೊಳ್ಳಬೇಕು. ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯುಳ್ಳವರು ಒಂದೆರಡು ಹನಿಗೆ ನಿಲ್ಲಿಸಲಿ, ಹೆಚ್ಚಾದರೆ ನೊರೆ ಏಳುವುದಿಲ್ಲ.

ಕೊಳವೆಬಾವಿಯ ನೀರನ್ನು ಬಳಸುವ ಬಡಾವಣೆಗಳಲ್ಲಿ ನೊರೆಯದೇ ಒಂದು ಗೋಳು. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಕೂಡಿ ಕರಗದ ಗಷ್ಟಾಗುತ್ತವೆ; ಬಕೆಟ್ಟಿನ ಒಳಗೆ ಬಿಳಿ ಪದರ ಕಟ್ಟುವುದೂ ಇದರಿಂದಲೇ. ಬ್ರಷ್ಷನ್ನು ಎಷ್ಟು ಆಡಿಸಿದರೂ ನೊರೆ ಕೆನ್ನೆಯ ಮೇಲೆ ಗುಳ್ಳೆಯೊಡೆದು ಒಣಗುತ್ತದೆ. ಕುಡಿಯಲು ಹಿಡಿದಿಟ್ಟ ಕಾವೇರಿ ನೀರನ್ನೋ, ಫಿಲ್ಟರಿನ ನೀರನ್ನೋ, ಮಳೆಗಾಲದಲ್ಲಿ ಸೂರಿನ ನೀರನ್ನೋ ಒಂದು ಲೋಟದಷ್ಟು ಕಾಯಿಸಿಕೊಂಡರೆ ಈ ಗೋಳು ತಪ್ಪುತ್ತದೆ, ಅದಕ್ಕಿಂತ ಹೆಚ್ಚು ನೀರು ನೊರೆಗೆ ಬೇಕಾಗಿಯೂ ಇಲ್ಲ. ಬ್ರಷ್ಷನ್ನು ನೆನೆಸಿ, ಹಿಂಡಿ, ಕ್ರೀಮಿನ ಅಥವಾ ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ, ಬಟ್ಟಲಿನಲ್ಲಿ ಹನಿಹನಿಯಾಗಿ ನೀರು ಸೇರಿಸುತ್ತ ಕಡೆಯಬೇಕು. ಮೊದಲು ದೊಡ್ಡ ಗುಳ್ಳೆಗಳು ಬರುತ್ತವೆ, ಅವು ಕ್ರಮೇಣ ಸಣ್ಣಗಾಗಿ ಮಾಯವಾಗುತ್ತವೆ. ಕೊನೆಗೆ ಎಮ್ಮೆ ಹಾಲಿನ ಮೊಸರಿನ ಕೆನೆಯಂತೆ ಹೊಳಪುಳ್ಳ, ಬ್ರಷ್ಷಿನಿಂದ ಎತ್ತಿದರೆ ತುದಿ ಮೆಲ್ಲಗೆ ಬಾಗುವ ಹದಕ್ಕೆ ಬಂದಾಗ ನಿಲ್ಲಿಸಬೇಕು. ಸ್ಪ್ರೇ ಡಬ್ಬಿಯ ನೊರೆ ಬಾಯಲ್ಲಿಟ್ಟ ಹತ್ತಿಮಿಠಾಯಿಯಂತೆ; ಕತ್ತಿಗೆ ಜಾರುವ ಹಾಸು ಬೇಕು, ಬರಿಯ ಉಬ್ಬರ ಸಾಲದು.

ಕೆನ್ನೆಯಿಂದ ಆರಂಭ

ನೊರೆ ಹಚ್ಚುವ ಮೊದಲೇ ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆ ಮಲಗಿದೆ ಎಂಬುದನ್ನು ತಿಳಿಯಬೇಕು. ಬೆರಳು ನಯವಾಗಿ ಜಾರುವ ದಿಕ್ಕು ಕೂದಲು ಮಲಗಿದ ದಿಕ್ಕು. ಕೆನ್ನೆಯಲ್ಲಿ ಅದು ಹೆಚ್ಚಾಗಿ ಕೆಳಮುಖವಾಗಿರುತ್ತದೆ. ಕತ್ತಿನಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ, ಕೆಲವರಿಗೆ ಮೇಲ್ಮುಖವಾಗಿ, ಕೆಲವರಿಗೆ ಅಡ್ಡವಾಗಿ, ಇನ್ನು ಕೆಲವರಿಗೆ ಸುಳಿಯಾಗಿ ಬೆಳೆದಿರುತ್ತದೆ. ಮೊದಲ ಎರಡು ತಿಂಗಳು ಕೂದಲು ಮಲಗಿದ ದಿಕ್ಕಿನಲ್ಲಿ ಮಾತ್ರ ಕತ್ತಿ ಎಳೆಯಬೇಕು, ಅದೂ ಒಂದೇ ಸಲ. ಸಂಜೆಯ ಹೊತ್ತಿಗೆ ಕೆನ್ನೆ ಚೂರು ತರಿತರಿ ಎನಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಕತ್ತಿಯನ್ನು ಬಿಚ್ಚಿದಾಗ ಹಿಡಿ ಮೇಲಕ್ಕೆ ನಿಲ್ಲುವಷ್ಟು ತಿರುಗಿಸಿ, ಕುತ್ತಿಗೆಯ ಬೆನ್ನಿನ ಮೇಲೆ ತೋರು, ನಡು, ಉಂಗುರ ಬೆರಳುಗಳನ್ನೂ ಅದರ ಕೆಳಗೆ ಹೆಬ್ಬೆರಳನ್ನೂ ಇಟ್ಟು, ಕೀಲಿನಿಂದ ಹಿಂದಕ್ಕೆ ಚಾಚಿದ ಬಾಲದ ಮೇಲೆ ಕಿರುಬೆರಳನ್ನು ಇರಿಸಬೇಕು. ಹಿಡಿತ ಹಗುರವಾಗಿರಬೇಕು, ಬೆರಳಿನ ತುದಿ ಬಿಳಿಚಿಕೊಂಡರೆ ಅದು ಹೆಚ್ಚಾಯಿತೆಂದೇ ಅರ್ಥ. ಇಷ್ಟಾದ ಮೇಲೆ, ಬಲಗೈ ಏನೂ ಮಾಡುವ ಮೊದಲು, ಎಡಗೈಯನ್ನು ತಲೆಯ ಮೇಲಿಂದ ಬಳಸಿ ತಂದು ಬಲ ಕಿವಿಯ ಮುಂದೆ, ಕೆನ್ನೆಗೂದಲಿಗಿಂತ ಸ್ವಲ್ಪ ಮೇಲೆ ಬೆರಳೂರಿ, ಚರ್ಮವನ್ನು ಮೇಲಕ್ಕೆ ಎಳೆಯಬೇಕು. ನೊರೆ ತಾಗಿದ ಬೆರಳು ಜಾರುತ್ತದೆ. ಟವೆಲಿನಿಂದ ಒರೆಸಿಕೊಂಡ ಬೆರಳ ತುದಿಯನ್ನು ಒದ್ದೆ ಪಟಿಕದ ತುಂಡಿನ ಮೇಲೆ ಒಮ್ಮೆ ಸವರಿದರೆ ಹಿಡಿತ ಬರುತ್ತದೆ. ಈ ಸಣ್ಣ ಉಪಾಯ ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಎಳೆದ ಚರ್ಮ ಮೃದಂಗದ ಮುಚ್ಚಿಗೆಯಷ್ಟು ಬಿಗಿಯಾಗುವುದಿಲ್ಲ, ಆದರೆ ಕತ್ತಿಯ ಮುಂದೆ ಅಲೆಯಂತೆ ಮಡಿಕೆ ಎದ್ದು ಬರಬಾರದು. ಗಾಯಗಳಲ್ಲಿ ಬಹುಪಾಲು ಆ ಮಡಿಕೆಯ ಮೇಲೆ ಆಗುವಂಥವು.

ಈಗ ಅಲಗನ್ನು ಕೆನ್ನೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಬೆನ್ನನ್ನು ಅದರದೇ ದಪ್ಪದ ಒಂದೂವರೆ ಪಟ್ಟಿನಷ್ಟು ಮೇಲಕ್ಕೆತ್ತಬೇಕು. ಸುಮಾರು 30 ಡಿಗ್ರಿ ಕೋನ ಸಿಗುತ್ತದೆ. ಇದಕ್ಕಿಂತ ಹೆಚ್ಚು ಎದ್ದರೆ ಕತ್ತಿ ಚರ್ಮವನ್ನು ಹೆರೆಯುತ್ತದೆ, ತೀರ ಮಲಗಿದರೆ ಕೂದಲನ್ನು ಕೀಳುತ್ತದೆ. ಎರಡು ಮೂರು ಸೆಂಟಿಮೀಟರಿನ ಸಣ್ಣ ಎಳೆತಗಳಲ್ಲಿ, ಕತ್ತಿಯ ತೂಕವೊಂದನ್ನೇ ನೆಚ್ಚಿ, ಕೆಳಕ್ಕೆ ಬರಬೇಕು. ಸರಿಯಾದಾಗ ಒಣ ಜೋಳದ ಸೋಗೆಯ ಮೇಲೆ ಉಗುರೆಳೆದಂಥ ಸದ್ದು ಕೇಳುತ್ತದೆ. ಸದ್ದು ನಿಂತು ಜಗ್ಗಿದ ಅನುಭವವಾದರೆ ಕೈಯ ಬಲವನ್ನು ಹೆಚ್ಚಿಸದೆ ಕೋನವನ್ನೂ ಎಡಗೈಯ ಬಿಗಿಯನ್ನೂ ಸರಿಪಡಿಸಿಕೊಳ್ಳಬೇಕು. ಒಂದು ಸಂಗತಿಯಲ್ಲಿ ಮಾತ್ರ ರಿಯಾಯಿತಿಯೇ ಇಲ್ಲ: ಚರ್ಮಕ್ಕೆ ತಾಗಿದ ಕತ್ತಿಯನ್ನು ಬಾಯಿಯ ಉದ್ದಕ್ಕೆ, ಈಳಿಗೆಯಲ್ಲಿ ತರಕಾರಿ ಕೊಯ್ಯುವ ಹಾಗೆ, ಎಂದಿಗೂ ಸರಿಸಬಾರದು. ಕತ್ತಿ ಚಲಿಸಬೇಕಾದದ್ದು ಬಾಯಿಗೆ ಅಡ್ಡವಾಗಿ.

ಎಡಗೆನ್ನೆಗೆ ಎರಡು ದಾರಿಗಳಿವೆ. ಬಲಗೈಯನ್ನೇ ಮುಖದ ಮುಂದೆ ಅಡ್ಡ ತಂದು ಮಾಡುವುದು ಒಂದು, ಕತ್ತಿಯನ್ನು ಎಡಗೈಗೆ ದಾಟಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮೊಣಕೈ ಕನ್ನಡಿಯನ್ನು ಮರೆಮಾಡುತ್ತದೆ. ಎಡಗೈ ಮೊದಲ ವಾರ ನಡುಗಿದರೂ ಅದಕ್ಕೆ ಕೆಟ್ಟ ಅಭ್ಯಾಸಗಳಿರುವುದಿಲ್ಲ. ಅದನ್ನೇ ಆರಂಭದಿಂದ ಪಳಗಿಸುವುದು ಒಳಿತೆಂದು ನಾನು ಹೇಳುತ್ತೇನೆ, ಇದನ್ನು ಒಪ್ಪದ ನುರಿತವರೂ ಇದ್ದಾರೆ.

ಮೊದಲ ಐದಾರು ಸಲ ಎರಡು ಕೆನ್ನೆಗಳಿಗೆ ನಿಲ್ಲಿಸಿ, ಉಳಿದದ್ದನ್ನು ಎಂದಿನ ಸೇಫ್ಟಿ ರೇಜರಿನಲ್ಲಿ ಮುಗಿಸಬೇಕು. ಅವಸರವಿರುವ ಬೆಳಗ್ಗೆ ಕತ್ತಿಯನ್ನು ಮುಟ್ಟಲೇಬಾರದು. ಭಾನುವಾರ, ಬಾಗಿಲ ಚಿಲಕ ಹಾಕಿಕೊಂಡು, ಫೋನನ್ನು ಹೊರಗಿಟ್ಟು ಆರಂಭಿಸುವುದು ಸೂಕ್ತ. ಮಂಗಳವಾರ, ಶನಿವಾರ, ಅಮಾವಾಸ್ಯೆಗಳಂದು ಕ್ಷೌರವಿಲ್ಲದ ಮನೆಗಳಲ್ಲಿ ಹುಟ್ಟಿದವರಿಗೆ ಒಂದು ಅನುಕೂಲವಿದೆ. ಚರ್ಮಕ್ಕೆ ಬಿಡುವು ಸಿಗುತ್ತದೆ, ಹಿರಿಯರ ಎದುರು ಬೇರೆ ಕಾರಣ ಕೊಡಬೇಕಾಗುವುದಿಲ್ಲ.

ದವಡೆಯಿಂದ ಕೆಳಗೆ

ಎರಡನೆಯ ವಾರ ದವಡೆಯ ಅಂಚಿಗೆ ಇಳಿಯಬಹುದು. ದವಡೆಯ ಮೂಳೆಯ ಮೇಲೆ ಕತ್ತಿ ತಿರುಗಿಸುವುದು ಕಷ್ಟ, ಆದ್ದರಿಂದ ಮೂಳೆಯನ್ನೇ ತಪ್ಪಿಸಬೇಕು: ಕಿವಿಯ ಬುಡದಲ್ಲಿ ಬೆರಳೂರಿ ಚರ್ಮವನ್ನು ಮೇಲಕ್ಕೆ ಎಳೆದರೆ ದವಡೆಯ ಕೆಳಗಿನ ಕೂದಲು ಕೆನ್ನೆಯ ಸಮತಟ್ಟಿಗೆ ಏರಿ ಬರುತ್ತದೆ. ಕತ್ತಿಗೆ ತಿರುವು ಕಲಿಸುವುದಕ್ಕಿಂತ ಮುಖವನ್ನು ಚಪ್ಪಟೆ ಮಾಡಿಕೊಡುವುದು ಸುಲಭ, ಮತ್ತು ಎಡಗೈಯ ಕೆಲಸವೆಲ್ಲ ಇಷ್ಟೇ. ಕತ್ತಿಗೆ ಬಂದಾಗ, ಇಲ್ಲಿ ಹೇಳುತ್ತಿರುವುದು ಕೊರಳನ್ನು, ಗದ್ದ ಎತ್ತಿ ತಲೆಯನ್ನು ಎದುರು ಬದಿಗೆ ತಿರುಗಿಸಿ, ಕೊರಳೆಲುಬಿನ ಬಳಿ ಅಂಗೈ ಊರಿ ಚರ್ಮವನ್ನು ಕೆಳಕ್ಕೆ ಜಗ್ಗಬೇಕು. ಗಂಟಲಗಡ್ಡೆಯ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಅದು ಗಡ್ಡೆಯನ್ನು ಬಿಟ್ಟು ಬದಿಗೆ ಬಂದಾಗ ಹೆರೆಯಬೇಕು. ಉಗುಳು ನುಂಗಿ ಅರೆಕ್ಷಣ ಹಿಡಿದರೆ ಗಡ್ಡೆ ಮೇಲೇರಿ ಜಾಗ ಕೊಡುತ್ತದೆ, ಆದರೆ ಕತ್ತಿ ಚರ್ಮದ ಮೇಲಿರುವಾಗ ನುಂಗಬಾರದು.

ಗದ್ದ ಮತ್ತು ಮೇಲ್ದುಟಿ ಕೊನೆಗೆ, ಹದಿನೈದು ಕ್ಷೌರಗಳಾದ ಮೇಲೆ. ಅಲ್ಲಿನ ಕೂದಲು ಮುಖದಲ್ಲೇ ಅತಿ ಒರಟು, ನೆಲ ಅತಿ ಏರಿಳಿತದ್ದು. ಕೆಳದುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಿ, ಗದ್ದದ ಚರ್ಮವನ್ನು ಪಕ್ಕಕ್ಕೆ ಎಳೆದು, ಒಂದು ಸೆಂಟಿಮೀಟರಿಗಿಂತ ಕಿರಿದಾದ ಎಳೆತಗಳಲ್ಲಿ ಕೆಲಸ ಮಾಡಬೇಕು. ಮೇಲ್ದುಟಿಗೆ ಮೂಗಿನ ತುದಿಯನ್ನು ಮೆಲ್ಲಗೆ ಮೇಲೆತ್ತಿ ತುಟಿಯನ್ನು ಕೆಳಕ್ಕೆ ಚಾಚಬೇಕು. ಇಲ್ಲಿ ಎರಡು ಬಾರಿ ಪ್ರಯತ್ನಿಸಿ ಆಗದಿದ್ದರೆ ಸೇಫ್ಟಿ ರೇಜರ್ ಎತ್ತಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ನಾನು ಒಂದು ವರ್ಷ ಮೇಲ್ದುಟಿಯನ್ನು ಹಾಗೆಯೇ ಮಾಡಿದ್ದೇನೆ. ಅಡ್ಡಲಾಗಿ ಎರಡನೆಯ ಸಲ ಎಳೆಯುವುದನ್ನು ಎರಡು ತಿಂಗಳ ನಂತರ, ಮತ್ತೆ ನೊರೆ ಹಚ್ಚಿ, ಕೆನ್ನೆಯಿಂದಲೇ ಆರಂಭಿಸಬೇಕು. ಕೂದಲಿಗೆ ಎದುರಾಗಿ ಎಳೆಯುವುದು ಎಲ್ಲರಿಗೂ ಬೇಕಾದದ್ದಲ್ಲ. ಗುಂಗುರು ಕೂದಲಿನವರಿಗೆ ಅದರಿಂದ ಕೂದಲು ಚರ್ಮದೊಳಗೇ ತಿರುಗಿ ಬೆಳೆದು ಕೊರಳಲ್ಲಿ ಗುಳ್ಳೆಗಳೇಳುತ್ತವೆ.

ಮೊಡವೆ, ನರುಳ್ಳೆಗಳಿರುವ ಜಾಗದಲ್ಲಿ ಕತ್ತಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕೈ ನಡುಗುವವರು ಈ ಹವ್ಯಾಸವನ್ನೇ ಬಿಡುವುದು ಉಚಿತ. ಮನೆಯವರೊಂದಿಗೂ ಕತ್ತಿಯನ್ನು ಹಂಚಿಕೊಳ್ಳಬಾರದು.

ನಲ್ಲಿ ಮತ್ತು ನೆಲ

ಕತ್ತಿ ಹಾಳಾಗುವುದು ಮುಖದ ಮೇಲಲ್ಲ, ಸಿಂಕಿನಲ್ಲಿ. ನೊರೆ ತೊಳೆಯಲು ನಲ್ಲಿಯ ಕೆಳಗೆ ಹಿಡಿದ ಕತ್ತಿಯನ್ನು ಕೊಡವುವಾಗ ನನ್ನದರ ಬಾಯಿ ನಲ್ಲಿಯ ಮೂತಿಗೆ ಒಮ್ಮೆ, ಕಿವಿಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಟಿಣ್ ಎಂದು ತಾಗಿತು. ಬೆಳಕಿಗೆ ಹಿಡಿದರೆ ಮೊನೆಯಿಂದ ಒಂದು ಬೆರಳಗಲದ ದೂರದಲ್ಲಿ ಅರ್ಧ ಮಿಲಿಮೀಟರಿನ ಕಚ್ಚು, ಸಣ್ಣ ಚಂದ್ರನ ಹಾಗೆ ಹೊಳೆಯುತ್ತಿತ್ತು. ಅದನ್ನು ತೆಗೆಯಲು ಬಾಯಿಯ ಉದ್ದಕ್ಕೂ ಅಷ್ಟೇ ಉಕ್ಕನ್ನು ಸವೆಸಬೇಕಾಯಿತು. ಅಂದಿನಿಂದ ನಾನು ನಲ್ಲಿಯನ್ನು ಬಿಟ್ಟು, ಎಡ ಭುಜದ ಮೇಲೆ ಹಾಕಿಕೊಂಡ ಒದ್ದೆ ಬಟ್ಟೆಗೆ ಕತ್ತಿಯನ್ನು, ಬೆನ್ನು ಮುಂದಾಗಿ, ಒರೆಸಿಕೊಳ್ಳುತ್ತೇನೆ. ಕತ್ತಿ ಕೈಜಾರಿದರೆ ಹಿಡಿಯಲು ಹೋಗದೆ ಹಿಂದೆ ಸರಿಯಬೇಕು. ಬೀಳುವ ವಸ್ತುವನ್ನು ಹಿಡಿಯುವುದು ಮೈಗೆ ಬಂದ ಅಭ್ಯಾಸ, ಅದನ್ನು ಮುಂಚೆಯೇ ಮನಸ್ಸಿನಲ್ಲಿ ಮುರಿದುಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಕತ್ತಿಯ ಜಾಗ ಬೀರುವಿನ ಮೇಲಿನ ಅರೆ, ಬೀಗದೊಳಗೆ.

ಮುಗಿದ ಮೇಲೆ ತಣ್ಣೀರಿನಿಂದ ಮುಖ ತೊಳೆದು ಪಟಿಕವನ್ನು ಒದ್ದೆ ಮಾಡಿ ಸವರಿ ಒಂದು ನಿಮಿಷ ಬಿಟ್ಟು ತೊಳೆಯಬೇಕು. ಪಟಿಕ ಎಲ್ಲೆಲ್ಲಿ ಉರಿಯುತ್ತದೆಯೋ ಅಲ್ಲಲ್ಲಿ ಕತ್ತಿಯನ್ನು ಒತ್ತಿದ್ದೀರಿ ಎಂದು ತಿಳಿಯಬೇಕು. ಮರುದಿನದ ಪಾಠ ಆ ಉರಿಯಲ್ಲೇ ಬರೆದಿರುತ್ತದೆ. ಸಣ್ಣ ಗಾಯಕ್ಕೆ ಅದೇ ಪಟಿಕವನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಹತ್ತು ನಿಮಿಷ ಒತ್ತಿಹಿಡಿದರೂ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಬೇಕು.

ಕತ್ತಿಯನ್ನು ಮೆತ್ತನೆಯ ಕಾಗದದಿಂದ ಒತ್ತಿ ಒಣಗಿಸಿ, ಬಟ್ಟೆಯ ಪಟ್ಟಿಯ ಮೇಲೆ ಹತ್ತು ಸುತ್ತು ತೀಡಿ, ಅರ್ಧ ಗಂಟೆ ತೆರೆದಿಟ್ಟು ಅನಂತರ ಮಡಚಬೇಕು. ಹಿಡಿಯ ಸಂದಿನಲ್ಲಿ ಉಳಿದ ಒಂದು ಹನಿ ಸಾಕು, ಬೆಳಗಾಗುವುದರೊಳಗೆ ಕಂದು ಚುಕ್ಕೆ ಮೂಡುತ್ತದೆ. ಕರಾವಳಿಯವರೂ ಮಲೆನಾಡಿನವರೂ ಮಳೆಗಾಲದಲ್ಲಿ ಅದನ್ನು ಬಚ್ಚಲಿನಲ್ಲಿ ಇಡಲೇಬಾರದು. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿಯನ್ನು ಬೆರಳಿನಿಂದ ಅಲಗಿಗೆ ಸವರಿಟ್ಟರೆ ಸಾಕು. ವಿಮಾನದಲ್ಲಿ ಹೋಗುವಾಗ ಕ್ಯಾಬಿನ್ ಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಕು.

ಪಟ್ಟಿಯಲ್ಲಿ ತೀಡಿದ ಮೇಲೂ ಕತ್ತಿ ಕೂದಲನ್ನು ಜಗ್ಗತೊಡಗಿದಾಗ ಕಲ್ಲಿನ ಸರದಿ ಬರುತ್ತದೆ. ಸರಿಯಾಗಿ ತೀಡುವವರಿಗೆ ಇದು ಕೆಲವು ತಿಂಗಳಿಗೊಮ್ಮೆ. ಬಾಯಿ ಕಟ್ಟಲು 1000 ಗ್ರಿಟ್, ಅನಂತರ 3000 ಅಥವಾ 5000, 8000, ಕೊನೆಗೆ 12000 ಗ್ರಿಟ್ಟಿನ ಕಲ್ಲುಗಳು ಬೇಕಾಗುತ್ತವೆ; ಗ್ರಿಟ್ ಎಂದರೆ ಕಲ್ಲಿನ ನಯದ ಅಳತೆ, ಅಂಕಿ ಹೆಚ್ಚಿದಷ್ಟೂ ಕಲ್ಲು ನಯ. ಬರಿಯ ಮೊಂಡಾದ ಕತ್ತಿಗೆ ಕೊನೆಯ ಒಂದೆರಡು ಸಾಲುತ್ತವೆ. ಬೆನ್ನು ಕಲ್ಲಿಗೆ ತಾಗಿಯೇ ಇರುವುದರಿಂದ ಕೋನವನ್ನು ಕತ್ತಿಯೇ ಕಾಯುತ್ತದೆ, ಆದರೂ ಮೊದಲ ವರ್ಷ ಇದನ್ನು ಬಲ್ಲವರಿಗೆ ಕಳಿಸುವುದು ಜಾಣತನ. ಕ್ಷೌರವನ್ನೂ ಸಾಣೆಯನ್ನೂ ಒಟ್ಟಿಗೆ ಕಲಿಯಲು ಹೋದರೆ ಕೆನ್ನೆ ಉರಿದಾಗ ತಪ್ಪು ಕೈಯದೋ ಕಲ್ಲಿನದೋ ಎಂದು ಗೊತ್ತಾಗುವುದೇ ಇಲ್ಲ. ನನ್ನ ಕತ್ತಿ ಹೀಗೆ ಸಾಣೆಗೆ ಹೋದ ವಾರದಲ್ಲಿ ಸೇಫ್ಟಿ ರೇಜರನ್ನು ಹಿಡಿದು ಕನ್ನಡಿಯ ಮುಂದೆ ನಿಂತಾಗ, ಎಡಗೈ ಹೇಳದೆಯೇ ತಲೆಯ ಮೇಲಿಂದ ಬಳಸಿ ಬಂದು ಬಲ ಕಿವಿಯ ಮುಂದೆ ಬೆರಳೂರಿರುತ್ತದೆ.